ಠಾಣೆಗೆ ಬೇಕಾದ ಬೆಂಗಾಲಿ ಬಲ್ಲವರು

ಪೊಲೀಸರು ನಮ್ಮ ಹಿಂದಿನ ಕೋಣೆಯ ಅಕ್ಕಸಾಲಿಯನ್ನು ಕರೆದುಕೊಂಡು ಹೋದಾಗ ನಾನು ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. ಮಕ್ಕಳೇ, ನಿಮ್ಮಲ್ಲಿ ದೊಡ್ಡವಳು ಆಗ ಹೆಬ್ಬೂರಿನ ಮನೆಯಲ್ಲಿ ತೊಟ್ಟಿಲ ಕೂಸು. ಉಳಿದವರು ಹುಟ್ಟಿರಲಿಲ್ಲ. ನೀವು ಇದರ ಬಗ್ಗೆ ಕೇಳಿರುವುದೆಲ್ಲ ನಿಮ್ಮ ತಾಯಿಯ ಬಾಯಲ್ಲಿ. ಅವಳು ಹೇಳುವಾಗಲೆಲ್ಲ, ನಾನು ಠಾಣೆಯಲ್ಲಿ ನಿಂತು ಹಾಡು ಹೇಳಿದೆ ಎಂದು ಸೇರಿಸಿ ನಗುತ್ತಾಳೆ. ನಾನು ಹಾಡು ಹೇಳಲಿಲ್ಲ. ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆದಿಡುತ್ತೇನೆ.

ಗುಬ್ಬಿಗೂ ಕುಣಿಗಲ್ಲಿಗೂ ನಡುವಿನ ನಮ್ಮೂರು ನಿಮಗೆ ಗೊತ್ತೇ ಇದೆ. ಹೆಸರು ಬರೆಯುವುದಿಲ್ಲ. ಇದರಲ್ಲಿ ಬರುವವರಲ್ಲಿ ಕೆಲವರು ಇನ್ನೂ ಅಲ್ಲೇ ಇದ್ದಾರೆ, ಅವರಿಗೆ ನಾಚಿಕೆಯಾದೀತು. ನಿಮ್ಮ ತಾತ ಹೋದ ಮೇಲೆ ಕೊಬ್ಬರಿ ತುಂಬುತ್ತಿದ್ದ ಹಿಂದಿನ ಕೋಣೆ ಖಾಲಿ ಬಿದ್ದಿತ್ತು. ಒಬ್ಬಳೇ ಇರಬೇಡ, ಯಾರನ್ನಾದರೂ ಬಾಡಿಗೆಗೆ ಇಟ್ಟುಕೋ ಎಂದು ನಿಮ್ಮ ತಾಯಿ ಹಟ ಹಿಡಿದಳು. ಹಾಗೆ ಬಂದವರು ಆ ಗಂಡ ಹೆಂಡತಿ. ಇಬ್ಬರೂ ಬಂಗಾಳದವರು. ಅವನು ಪೇಟೆಯ ಚಿನ್ನಬೆಳ್ಳಿ ಅಂಗಡಿಯಲ್ಲಿ ಓಲೆ, ಬೆಂಡೋಲೆ ಮಾಡುವ ಕೆಲಸದವನು.

ಅವನು ಕನ್ನಡ ಕಲಿತದ್ದು ಗುಬ್ಬಿಯಲ್ಲಿ, ಮೊದಲಿದ್ದ ಅಂಗಡಿಯ ಹಿಂಬದಿ ಕುಳಿತು ಕುಲುಮೆ ಊದುತ್ತಿದ್ದ ಜೊತೆಗಾರರಿಂದ. ಅವರು ಒಬ್ಬರನ್ನೊಬ್ಬರು ಹೇಗೆ ಮಾತನಾಡಿಸುತ್ತಿದ್ದರೋ ಅದೇ ಮರ್ಯಾದೆಯ ಮಾತು ಎಂದುಕೊಂಡು ಇವನು ಎಲ್ಲರಿಗೂ ಅದನ್ನೇ ಬಳಸುತ್ತಿದ್ದ. ಬೆಳಿಗ್ಗೆ ಎದ್ದು ಕೈಮುಗಿದು ನನ್ನನ್ನು, "ಕಾಫಿ ಆಯ್ತೇನಮ್ಮಿ?" ಎಂದು ಕೇಳುತ್ತಿದ್ದ. ಅಂಗಡಿಯ ಯಜಮಾನರಿಗೆ, "ಓಲೆ ರೆಡಿ ಆಯ್ತು ಕಣ್ಲಾ" ಎನ್ನುತ್ತಿದ್ದ. ಕೈಗೆಲಸ ಚೆನ್ನಾಗಿತ್ತು, ಅದಕ್ಕೇ ಯಜಮಾನರು ಸಹಿಸಿಕೊಂಡಿದ್ದರು.

ಹೆಂಡತಿಗೆ ಕನ್ನಡ ಅಷ್ಟೂ ಬರುತ್ತಿರಲಿಲ್ಲ. ನಲ್ಲಿಯಲ್ಲಿ ನೀರು ಬಂತು ಎನ್ನುವುದು, ಸಾಕು ಎನ್ನುವುದು, ಇಷ್ಟೇ. ನನ್ನನ್ನು ಮಾಸಿ ಎನ್ನುತ್ತಿದ್ದಳು, ಅವರ ಕಡೆ ಚಿಕ್ಕಮ್ಮನಿಗೆ ಹಾಗೆನ್ನುತ್ತಾರಂತೆ. ನಮ್ಮದು ಲಿಂಗ ಕಟ್ಟಿದವರ ಮನೆ, ಮೀನು ಬೇಯಿಸಕೂಡದು ಎಂದು ಬಂದ ದಿನವೇ ಹೇಳಿದ್ದೆ. ಒಪ್ಪಿಕೊಂಡಿದ್ದರು. ಭಾನುವಾರ ಇಬ್ಬರೂ ತುಮಕೂರಿಗೆ ಹೋಗಿ ಬಂದಾಗ ಅವಳ ಮುಖದಲ್ಲಿ ಹೊಟ್ಟೆ ತುಂಬಿದ ಕಳೆ ಇರುತ್ತಿತ್ತು. ಏನು ತಿಂದಿರಿ ಎಂದು ನಾನು ಕೇಳಲಿಲ್ಲ. ಆಗ ಅವಳು ಬಸುರಿ, ಎಂಟು ತಿಂಗಳು ತುಂಬಿತ್ತು.

ಹಾಗಿರುವಾಗ ಒಂದು ಮಧ್ಯಾಹ್ನ ಪೇದೆ ಬಂದ. ವಯಸ್ಸಾದವನು, ನಮ್ಮ ಊರಿನವನೇ.

"ಅಮ್ಮೋರೇ, ನಿಮ್ ಮನೇಲಿ ಫಾರಿನ್ನೋರು ಅವ್ರಂತಲ್ಲ?"

"ಫಾರಿನ್ನೋರು ಯಾರಪ್ಪಾ? ಅಕ್ಕಸಾಲಿ ಅವ್ನೆ ಅಷ್ಟೆ."

"ಅವ್ನೇ ಕಣಮ್ಮ. ಗಡಿ ದಾಟ್ಕೊಂಡು ಕಳ್ದಾರಿಲಿ ಬಂದೋರು ಎಲ್ಲೆಲ್ಲವ್ರೆ ನೋಡಿ ಅಂತ ಮೇಲಿಂದ ಆರ್ಡ್ರು ಬಂದೈತೆ. ನಮ್ ಠಾಣೆ ಲಿಮಿಟ್ಟಲ್ಲಿ ಬಂಗಾಳದ ಕಡೆಯೋನು ಅಂತ ಸಿಗೋದು ಇವನೊಬ್ನೇ."

ಊಟಕ್ಕೆ ಬಂದಿದ್ದ ಅಕ್ಕಸಾಲಿ ಕೈ ತೊಳೆದುಕೊಂಡು ಅವನ ಹಿಂದೆ ಹೊರಟ. ಹೋಗುವಾಗ ಪೇದೆಯನ್ನು, "ಸೈಕಲ್ ನಾನ್ ತುಳೀಲೇನ್ಲಾ?" ಎಂದು ವಿನಯದಿಂದ ಕೇಳಿದ.

ಹೆಂಡತಿ ಅವರೆಕಾಯಿ ರಾಶಿಯ ಪಕ್ಕದಲ್ಲಿ ಕುಸಿದು ಕೂತಳು. ಬೆಂಗಳೂರಿನಲ್ಲಿ ಇಂಥವರನ್ನು ರೈಲು ಹತ್ತಿಸಿ ಗಡಿಯಾಚೆ ಬಿಟ್ಟು ಬರುತ್ತಾರೆ ಎಂದು ಹಾಲಿನ ಡೈರಿಯ ಹತ್ತಿರ ಆಡಿಕೊಳ್ಳುತ್ತಿದ್ದುದನ್ನು ನಾನು ಕೇಳಿದ್ದೆ. ನಿಜವೋ ಸುಳ್ಳೋ ಗೊತ್ತಿರಲಿಲ್ಲ. ಹಾಗೆ ಇವನನ್ನು ಕಳಿಸಿಬಿಟ್ಟರೆ, ಮಾತು ಬಾರದ ಊರಿನಲ್ಲಿ ಈ ಹುಡುಗಿ ಯಾರ ಮುಖ ನೋಡಿಕೊಂಡು ಹೆರಬೇಕು? ನಾನು ಸೀರೆ ಬದಲಾಯಿಸಿ ಅವಳ ಕೈ ಹಿಡಿದುಕೊಂಡು ಹೊರಟೆ.

ನಾನು ಗಂಡಸರ ಎದುರು ನಿಂತು ಮಾತನಾಡಿದವಳೇ ಅಲ್ಲ. ನಿಮ್ಮ ತಾತನ ಸ್ನೇಹಿತರು ಬಂದರೂ ಬಾಗಿಲ ಸಂದಿಯಿಂದ ಕಾಫಿ ಲೋಟ ಚಾಚುತ್ತಿದ್ದೆ. ಠಾಣೆಯಲ್ಲಿ ಅಡಗಿಕೊಳ್ಳಲು ಬಾಗಿಲೇ ಇರಲಿಲ್ಲ. ಹಾಗಾಗಿ ಮೇಜಿನ ಕಾಲನ್ನು ನೋಡುತ್ತಾ ಮಾತನಾಡಿದೆ. ಸಬ್ ಇನ್ಸ್‌ಪೆಕ್ಟರು ಒಮ್ಮೆ ಬಗ್ಗಿ, ಮೇಜಿನ ಕೆಳಗೆ ಏನಿದೆ ಎಂದು ನೋಡಿದರು.

ಆ ಸಬ್ ಇನ್ಸ್‌ಪೆಕ್ಟರು ಬೀದರ್ ಕಡೆಯವರು. ಬಂದು ಮೂರು ತಿಂಗಳಾಗಿತ್ತೇನೋ. ಅವರು ಆಡಿದ ಕನ್ನಡ ನನಗೆ ಅರ್ಧ ತಿಳಿಯಲಿಲ್ಲ.

"ಇವಾ ನಿಮ್ಮ ಮನ್ಯಾಗ ಹಾನೇನ್ರಿ ಅಮ್ಮಾ? ಯಾವಾಗಿಂದ ಇದ್ದಾನ? ಏನ್ ಕಾಗದ ಕೊಟ್ಟಾನ?"

ನಾನು ಪಕ್ಕದಲ್ಲಿ ನಿಂತಿದ್ದ ಅಕ್ಕಸಾಲಿಯ ಮುಖ ನೋಡಿದೆ. ಅವನು, "ಯಾವಾಗಿಂದ ಅವ್ನೆ, ಏನ್ ಕಾಗ್ದ ಕೊಟ್ಟವ್ನೆ ಅಂತ ಕೇಳ್ತಾವ್ನೆ ಕಣಮ್ಮಿ" ಎಂದು ನನಗೆ ಬಿಡಿಸಿ ಹೇಳಿದ. ಸಬ್ ಇನ್ಸ್‌ಪೆಕ್ಟರು ಅವನನ್ನೇ ದಿಟ್ಟಿಸಿದರು. ಗಡಿಯಾಚೆಯವನೆಂದು ಹಿಡಿದು ತಂದವನು ಅಧಿಕಾರಿಯ ಕನ್ನಡವನ್ನು ಊರಿನ ಹೆಂಗಸಿಗೆ ಕನ್ನಡದಲ್ಲಿ ತಿಳಿಸುತ್ತಿದ್ದ.

ಕಾಗದ ಎಂಬುದು ಅವನ ಹತ್ತಿರ ಏನೂ ಇರಲಿಲ್ಲ.

"ಊರು ಎಲ್ಲಿ?" ಎಂದರು ಸಬ್ ಇನ್ಸ್‌ಪೆಕ್ಟರು.

"ಊರು ಹೊಳೆಗೆ ಹೋಯ್ತು ಕಣ್ಲಾ."

"ಹೊಳಿಗೆ ಹೋಗ್ಯಾದಂದ್ರ?"

ಅವರ ಕಡೆಯ ಹೊಳೆ ಕೆರೆಯಷ್ಟು ಅಗಲವಂತೆ. ಮಳೆಗಾಲದಲ್ಲಿ ದಡ ಕೊರೆಯುತ್ತದಂತೆ. ಮೊದಲು ಗದ್ದೆ, ಆಮೇಲೆ ಶಾಲೆ, ಆಮೇಲೆ ಮನೆಗಳು ಕುಸಿದು ನೀರಿಗೆ ಹೋದವಂತೆ. ಊರಿನವರು ಉಳಿದ ತಗಡು, ಬೊಂಬು ಹೊತ್ತುಕೊಂಡು ಹಿಂದಕ್ಕೆ ಬಂದು ಅದೇ ಹೆಸರಿಟ್ಟು ಇನ್ನೊಂದು ಊರು ಕಟ್ಟಿಕೊಂಡರಂತೆ. ಪೆಟ್ಟಿಗೆಯಲ್ಲಿದ್ದ ಕಾಗದವೆಲ್ಲ ಮನೆಯ ಜೊತೆಗೇ ಹೋಯಿತಂತೆ.

ಪೇದೆಗೆ ಇದು ಸ್ವಲ್ಪವೂ ನಂಬಿಕೆಯಾಗಲಿಲ್ಲ. "ನಮ್ ಬಾಮೈದ ಕುಣಿಗಲ್ಲಲ್ಲಿ ಕುದುರೆ ನೋಡ್ಕೊಳೋನು. ಅಲ್ಲಿ ಕುದ್ರೆಗೇ ಪಾಸ್‌ಪೋರ್ಟ್ ಐತಂತೆ, ಅದರಪ್ಪ ಯಾರು, ತಾತ ಯಾರು, ಎಲ್ಲಾ ಬರ್ದೈತಂತೆ. ಮನುಷ್ಯ ನೀನು, ನಿಂಗೊಂದು ಚೀಟಿ ಇಲ್ವಲ್ಲೋ!" ಎಂದ.

"ಕುದ್ರೆ ಮನೆ ಹೊಳೆಗೆ ಹೋಗಿಲ್ಲ ಬುಡು" ಎಂದ ಅಕ್ಕಸಾಲಿ.

ಸಬ್ ಇನ್ಸ್‌ಪೆಕ್ಟರಿಗೆ ಒಂದು ಯೋಚನೆ ಹೊಳೆಯಿತು. ಗಡಿಯ ಈಚೆಯ ಬೆಂಗಾಲಿ ಬೇರೆ, ಆಚೆಯ ಬೆಂಗಾಲಿ ಬೇರೆ. ಯಾರಾದರೂ ಬಲ್ಲವರು ಇವನನ್ನು ಮಾತನಾಡಿಸಿದರೆ ಎಲ್ಲಿಯವನೆಂದು ತಿಳಿದುಬಿಡುತ್ತದೆ. "ಈ ಊರಾಗ ಬೆಂಗಾಲಿ ಬಲ್ಲವರು ಯಾರದಾರ?" ಎಂದು ಕೇಳಿದರು.

ಪೇದೆ ತಲೆ ಕೆರೆದುಕೊಂಡು, "ಅವ್ರೆ ಸಾರ್!" ಎಂದವನೇ ಸೈಕಲ್ ಹತ್ತಿದ.

ಸ್ವಲ್ಪ ಹೊತ್ತಿಗೆ ಬಸ್ ಸ್ಟ್ಯಾಂಡಿನ ಮಿಠಾಯಿ ಅಂಗಡಿಯ ಅಡುಗೆ ಭಟ್ಟರನ್ನು ಕರೆತಂದ. ಅಂಗಡಿಯ ಮೇಲೆ ಬೆಂಗಾಲಿ ಸ್ವೀಟ್ಸ್ ಎಂದು ಬೋರ್ಡು ಇತ್ತು. ಭಟ್ಟರು ಕುಂದಾಪುರದವರು. ಸಕ್ಕರೆ ಪಾಕ ಒಲೆಯ ಮೇಲಿದೆ, ಬೇಗ ಬಿಡಿ ಎಂದು ಗೋಗರೆಯುತ್ತಲೇ ಒಳಗೆ ಬಂದರು.

"ನನಗೆ ಭಾಷೆ ಬರುದಿಲ್ಲ ಮಾರಾಯ್ರೆ, ತಿಂಡಿ ಮಾತ್ರ ಬರ್ತದೆ" ಎಂದರು.

"ತಿಂಡೀದೇ ಕೇಳ್ರಿ" ಎಂದರು ಸಬ್ ಇನ್ಸ್‌ಪೆಕ್ಟರು.

ಭಟ್ಟರು ಗಂಟಲು ಸರಿಪಡಿಸಿಕೊಂಡು ಅಕ್ಕಸಾಲಿಯ ಎದುರು ನಿಂತು, "ರಸಗುಲ್ಲ?" ಎಂದರು.

"ರೋಶೋಗೊಲ್ಲಾ" ಎಂದ ಅವನು. ಮುಖ ಅರಳಿತ್ತು.

"ಚಂಚಂ?"

"ಚೊಮ್‌ಚೊಮ್."

"ಸಂದೇಶ್?"

"ಶೊಂದೇಶ್!" ಎಂದು ಅವನು ಕಣ್ಣು ಒರೆಸಿಕೊಂಡ. ಅವನ ಹೆಂಡತಿಯೂ ನನ್ನ ಭುಜದ ಹಿಂದೆ ಮೂಗು ಎಳೆದಳು.

ಭಟ್ಟರು ಸಬ್ ಇನ್ಸ್‌ಪೆಕ್ಟರ ಕಡೆ ತಿರುಗಿ ಖಚಿತವಾಗಿ ಹೇಳಿದರು. "ಸಾರ್, ಇವನಿಗೆ ಒಂದು ಹೆಸರೂ ಸರಿ ಬರುದಿಲ್ಲ. ಇವ ಬೆಂಗಾಲಿಯವ ಅಲ್ಲವೇ ಅಲ್ಲ."

"ಹಂಗಾರೆ ಯಾವ ದೇಶದೋನ್ಲಾ ನೀನು? ಪಾಕಿಸ್ತಾನವಾ?" ಎಂದು ಪೇದೆ ಎದ್ದು ನಿಂತ.

ಅಕ್ಕಸಾಲಿ ಗೋಡೆಯ ಬದಿಗೆ ಸರಿದು ಕುಕ್ಕರುಗಾಲಲ್ಲಿ ಕೂತ. ರಸಗುಲ್ಲದಿಂದ ವಿಷಯ ಇಷ್ಟು ದೂರ ಹೋಗುತ್ತದೆ ಎಂದು ಅವನಿಗೂ ತಿಳಿದಿರಲಿಲ್ಲ.

ಪೇದೆ ಮತ್ತೆ ಸೈಕಲ್ ಹತ್ತಿ ಹೋಗಿ ಬೆಂಗಾಲಿ ಡಾಕ್ಟರನ್ನು ಕರೆತಂದ. ಆಗೆಲ್ಲ ಪ್ರತಿ ಊರಿನಲ್ಲೂ ಒಬ್ಬ ಬೆಂಗಾಲಿ ಡಾಕ್ಟರು ಇರುತ್ತಿದ್ದರು. ಕೂರಲು ಕಷ್ಟವಾಗುವ ಒಂದು ಕಾಯಿಲೆ ಇದೆಯಲ್ಲ, ಅದನ್ನು ಆಪರೇಷನ್ ಇಲ್ಲದೆ ವಾಸಿಮಾಡುತ್ತೇವೆ ಎಂದು ಬೋರ್ಡು ಹಾಕಿಕೊಳ್ಳುತ್ತಿದ್ದರು. ಇವರು ಕುತ್ತಿಗೆಗೆ ಸ್ಟೆತಾಸ್ಕೋಪ್ ಹಾಕಿಕೊಂಡೇ ಬಂದರು. ಠಾಣೆಯಲ್ಲಿದ್ದವರಲ್ಲಿ ಇಬ್ಬರು ಮೂವರು ಅವರನ್ನು ಕಂಡು ಬೇರೆ ಕಡೆ ಮುಖ ತಿರುಗಿಸಿದರು.

ಡಾಕ್ಟರು ಎಂದ ಕೂಡಲೇ ಅಕ್ಕಸಾಲಿಗೆ ಜೀವ ಬಂದಿತು. ಎದ್ದು ನಿಂತು, ಅವರ ಎರಡೂ ಕೈ ಹಿಡಿದುಕೊಂಡು, ತಡೆಯಿಲ್ಲದೆ ಬೆಂಗಾಲಿಯಲ್ಲಿ ಹೇಳಿಕೊಂಡ. ಹೊಳೆ, ಮನೆ, ಹೆಂಡತಿಯ ಹೊಟ್ಟೆ, ಎಲ್ಲವನ್ನೂ ಕೈ ಸನ್ನೆಯಲ್ಲಿ ತೋರಿಸಿದ. ಡಾಕ್ಟರು ಹೂಂ, ಹೂಂ ಎನ್ನುತ್ತಾ ಕೇಳಿಸಿಕೊಂಡರು. ಕೊನೆಗೆ ಅವನ ನಾಡಿ ಹಿಡಿದು ನೋಡಿದರು.

"ಏನಂತಾನ್ರಿ ಡಾಕ್ಟರ್?" ಎಂದರು ಸಬ್ ಇನ್ಸ್‌ಪೆಕ್ಟರು.

"ದೇಹದಲ್ಲಿ ಉಷ್ಣ ಜಾಸ್ತಿ ಆಗಿದೆ ಸಾರ್. ಮಜ್ಜಿಗೆ ಕುಡೀಬೇಕು."

ಸಬ್ ಇನ್ಸ್‌ಪೆಕ್ಟರು ಅವರ ಕಡೆಗೇ ಕುರ್ಚಿ ತಿರುಗಿಸಿದರು. ಡಾಕ್ಟರು ಸ್ಟೆತಾಸ್ಕೋಪು ತೆಗೆದು ಜೇಬಿಗೆ ತುರುಕಿದರು. "ಸಾರ್, ನಾನು ಸಿರಾ ಕಡೆಯೋನು. ಬೆಂಗಾಲಿ ಅಂತ ಬರ್ಸಿಲ್ದಿದ್ರೆ ಜನ ಬರಾಕಿಲ್ಲ ಸಾರ್. ಆ ಜಾಗ ಊರೋರಿಗೆ ತೋರ್ಸಕ್ಕೆ ನಾಚ್ಕೆ ಪಡ್ತಾರೆ. ದೂರದೋನು ಅಂದ್ರೆ ಧೈರ್ಯವಾಗಿ ತೋರ್ಸ್ತಾರೆ."

"ಲೇ!" ಎಂದು ಪೇದೆ ಕೂಗಿದ. "ನಾನ್ ತೋರ್ಸಿದೀನಲ್ಲಲೇ ನಿಂಗೆ!"

ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಅಳುತ್ತಿದ್ದೇನೆ ಎಂದುಕೊಂಡು ಸಬ್ ಇನ್ಸ್‌ಪೆಕ್ಟರು ನನಗೆ ನೀರು ತರಿಸಿದರು. ಕೆಟ್ಟ ಮನುಷ್ಯರಲ್ಲ.

ಆದರೆ ಅವರ ಕಷ್ಟವೂ ಬಗೆಹರಿಯಲಿಲ್ಲ. "ನೋಡ್ರಿ ಅಮ್ಮಾ, ನಂಗೂ ಮ್ಯಾಲಿನವರು ಕೇಳ್ತಾರ. ಇವಾ ಖರೇನೇ ಕಳ್ಳದಾರಿಲೆ ಬಂದವ ಇದ್ದು, ನಾ ಬಿಟ್ಟು, ನಾಳಿಗಿ ಏನಾರ ಆತಂದ್ರ? ಒಂದ್ ವಾರ ಇಲ್ಲೇ ಇರ್ಲಿ. ಅವರ ಊರಿಗಿ ಬರದು ಕೇಳ್ತೀನಿ. ಉತ್ತರ ಬರಲಿ."

ಒಂದು ವಾರ ಎಂದು ಕೇಳಿದಾಗ ನಮ್ಮ ಶಾಲೆ ನನ್ನ ಕಣ್ಣ ಮುಂದೆ ಬಂತು. ನಾನು ಓದಿದ್ದು ಬೆಳ್ಳಾವಿ ಹತ್ತಿರದ ನಮ್ಮ ಹಳ್ಳಿಯ ಶಾಲೆಯಲ್ಲಿ, ಏಳನೆಯ ತರಗತಿವರೆಗೆ. ನಮ್ಮ ಮೇಷ್ಟ್ರು ಎಲ್ಲ ಪಾಠವನ್ನೂ ಮಗ್ಗಿಯ ರಾಗಕ್ಕೆ ಹಾಕಿ ಹೇಳಿಸುತ್ತಿದ್ದರು. ನದಿಗಳು, ರಾಜರು, ಪೌರನೀತಿಯ ಹಕ್ಕುಗಳು, ಎಲ್ಲಕ್ಕೂ ಒಂದೇ ರಾಗ. ಆ ಹಕ್ಕುಗಳ ಪಾಠದಲ್ಲಿ ಹಿಡಿದವರನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಎಂದು ಒಂದು ಸಾಲಿತ್ತು. ನನಗೆ ಅದು ನೆನಪಿತ್ತು. ಆದರೆ ಮಗ್ಗಿಯನ್ನು ನಡುವಿನಿಂದ ಹೇಳಲು ಬರುತ್ತದೆಯೇ? ಹದಿನಾರೇಳು ಎಷ್ಟು ಎಂದರೆ ಹದಿನಾರೊಂದರಿಂದಲೇ ಹೊರಡಬೇಕು. ನಾನು ಮೇಜಿನ ಕಾಲನ್ನು ನೋಡುತ್ತಾ ಮೊದಲಿನಿಂದ ಶುರುಮಾಡಿದೆ.

"ಮೊದಲನೆ ಹಕ್ಕು ಸಮಾನತೆ ಹಕ್ಕೂ... ಎರಡನೆ ಹಕ್ಕು ಸ್ವಾತಂತ್ರ್ಯದ ಹಕ್ಕೂ..."

ನನಗೇ ನಾಚಿಕೆಯಾಗಿ ಧ್ವನಿ ಸಣ್ಣಗಾಯಿತು. ನಿಲ್ಲಿಸುವ ಹಾಗಿರಲಿಲ್ಲ, ನಿಲ್ಲಿಸಿದರೆ ಮತ್ತೆ ಮೊದಲಿಂದ ಬರಬೇಕು. ಐದನೆಯದೋ ಆರನೆಯದೋ ಹೊತ್ತಿಗೆ ಇನ್ನೊಂದು ಧ್ವನಿ ಸೇರಿಕೊಂಡಿತು. ತಲೆ ಎತ್ತಿ ನೋಡಿದೆ. ಸಬ್ ಇನ್ಸ್‌ಪೆಕ್ಟರು! ಕಣ್ಣು ಮುಚ್ಚಿಕೊಂಡು, ಬೆರಳಿನಿಂದ ಮೇಜು ತಟ್ಟುತ್ತಾ ಹೇಳುತ್ತಿದ್ದರು. ಬೀದರಿನ ಹಳ್ಳಿ ಶಾಲೆಯಲ್ಲೂ ಅದೇ ರಾಗವಂತೆ.

"...ಹಿಡಿದರೆ ಹಿಡಿದ ಕಾರಣ ತಿಳಿಸತಕ್ಕದ್ದೂ... ಇಪ್ಪತ್ತನಾಲ್ಕು ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸತಕ್ಕದ್ದೂ..."

ಇಬ್ಬರೂ ಒಟ್ಟಿಗೆ ಮುಗಿಸಿದೆವು. ಅಕ್ಕಸಾಲಿ ಇದೇನೋ ಪೂಜೆಯೆಂದು ತಿಳಿದು ಕೈಮುಗಿದು ನಿಂತಿದ್ದ.

ಸಬ್ ಇನ್ಸ್‌ಪೆಕ್ಟರು ಕಣ್ಣು ಬಿಟ್ಟರು. "ಅದೇನೋ ಖರೆ ಅದ ಅಮ್ಮಾ. ಆದ್ರ ಅದು ನಮ್ಮ ದೇಶದವರಿಗಿ. ಇವಾ ನಮ್ಮವ ಹೌದೋ ಅಲ್ಲೋ ಅಂಬೋದೇ ಗೊತ್ತಿಲ್ಲ."

ನಾನು ಜೀವಮಾನದಲ್ಲಿ ಒಬ್ಬ ಅಧಿಕಾರಿಗೆ ಎದುರು ಮಾತನಾಡಿದ್ದು ಅದೊಂದೇ ಸಲ. "ನಮ್ ಮೇಷ್ಟ್ರು ಪ್ರಜೆ ಅಂತ ಹೇಳ್ಕೊಟ್ಟಿಲ್ಲ. ಯಾರನ್ನೇ ಹಿಡಿದರೂ ಅಂತ ಹೇಳ್ಕೊಟ್ಟವ್ರೆ" ಎಂದೆ.

"ಪ್ರಜೆ ಅಂತ ಬರ್ತದ್ರೀ."

"ಬರಲ್ಲ ಸ್ವಾಮಿ."

ಬರುತ್ತದೋ ಇಲ್ಲವೋ ನೋಡಬೇಕಾದರೆ ದಾರಿ ಒಂದೇ. ಮತ್ತೆ ಮೊದಲನೆಯ ಹಕ್ಕಿನಿಂದ ಹೊರಟೆವು. ಈ ಸಲ ಪೇದೆಯೂ ಸೇರಿದ, ಪಾಕ ಮರೆತು ನಿಂತಿದ್ದ ಭಟ್ಟರೂ ಸೇರಿದರು. ಮನೆಗೆ ಹೋಗಲು ಅಪ್ಪಣೆ ಸಿಗದೆ ಮೂಲೆಯಲ್ಲಿ ನಿಂತಿದ್ದ ಡಾಕ್ಟರದು ಎಲ್ಲರಿಗಿಂತ ಗಟ್ಟಿ ಧ್ವನಿ. ಠಾಣೆಯ ಬಾಗಿಲಿಗೆ ಜನ ಬಂದು ನಿಂತರು. ನಿಮ್ಮ ತಾಯಿಗೆ ಹಾಡಿನ ಸುದ್ದಿ ಮುಟ್ಟಿಸಿದ್ದು ಅವರೇ ಇರಬೇಕು. ಆ ಸಾಲು ಬಂದಾಗ ಎಲ್ಲರೂ ಕಿವಿ ನಿಮಿರಿಸಿಕೊಂಡು ನಿಧಾನವಾಗಿ ಹೇಳಿದೆವು. ನನ್ನ ಪಾಠದಲ್ಲಿ "ಯಾರನ್ನೇ ಆಗಲಿ" ಎಂದಿತ್ತು. ಸಬ್ ಇನ್ಸ್‌ಪೆಕ್ಟರ ಪಾಠದಲ್ಲಿ "ಯಾವ ವ್ಯಕ್ತಿಯನ್ನೇ ಆಗಲಿ" ಎಂದಿತ್ತು. ಪ್ರಜೆ ಯಾರ ಬಾಯಲ್ಲೂ ಬರಲಿಲ್ಲ.

ಸಬ್ ಇನ್ಸ್‌ಪೆಕ್ಟರು ಬೆರಳು ಮಡಿಸಿ ಹಕ್ಕುಗಳನ್ನು ಎಣಿಸಿದರು. ಆಮೇಲೆ ತಮ್ಮಷ್ಟಕ್ಕೆ ಇನ್ನೊಮ್ಮೆ ಆ ಸಾಲನ್ನು ಗುನುಗಿಕೊಂಡು, "ಇಲ್ಲ ಬಿಡ್ರಿ" ಎಂದರು.

ಮಕ್ಕಳೇ, ಮೇಲಿನವರು ಕೇಳುತ್ತಾರೆ ಎಂದು ಅವರು ಮೊದಲು ಹೇಳಿದ್ದರಲ್ಲೂ ನ್ಯಾಯವಿತ್ತು ಎಂದು ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ನಾನೇ ಸಂಜೆಯಾದರೆ ಬಾಗಿಲಿಗೆ ಅಗುಳಿ ಹಾಕುವವಳು. ದೇಶಕ್ಕೂ ಬಾಗಿಲು ಇರಬೇಕು, ಕಾಯುವವರು ಇರಬೇಕು, ಬಂದವರನ್ನು ಯಾರು ಎಂದು ಕೇಳಬೇಕು. ಆದರೆ ಕೇಳುವುದಕ್ಕೂ ಒಂದು ಕ್ರಮವಿದೆ. ಉತ್ತರ ಬರುವ ತನಕ ಮನುಷ್ಯನನ್ನು ಮೂಟೆಯ ಹಾಗೆ ಮೂಲೆಗೆ ಹಾಕಿಡಲು ಬರುವುದಿಲ್ಲ. ಇದನ್ನು ಅಂದು ಇಷ್ಟು ಚೆನ್ನಾಗಿ ಹೇಳಲು ನನಗೆ ಬರಲಿಲ್ಲ, ರಾಗ ಮಾತ್ರ ಬರುತ್ತಿತ್ತು.

ಕೊನೆಗೆ ಹೀಗೆ ತೀರ್ಮಾನವಾಯಿತು. ಅಕ್ಕಸಾಲಿ ಮನೆಗೆ ಹೋಗಬಹುದು. ಪ್ರತಿ ಸೋಮವಾರ ಬಂದು ಸಹಿ ಹಾಕಬೇಕು, ಊರು ಬಿಡಕೂಡದು. ಓಡಿಹೋದರೆ ನಾನು ಜವಾಬು ಕೊಡಬೇಕು. ಅವರ ಊರಿನ ಪಂಚಾಯ್ತಿಗೆ ಸಬ್ ಇನ್ಸ್‌ಪೆಕ್ಟರು ಕಾಗದ ಬರೆದು ವಿಚಾರಿಸುತ್ತಾರೆ.

ಅವನು ಒಂದು ಸೋಮವಾರವೂ ತಪ್ಪಿಸಲಿಲ್ಲ. ಆ ನಡುವೆ ಹೆಂಡತಿಗೆ ನೋವು ಬಂದದ್ದು ಸೋಮವಾರವೇ. ಅವಳನ್ನು ಆಸ್ಪತ್ರೆಗೆ ಸೇರಿಸಿ, ಸಹಿ ಹಾಕಿ ಬರುತ್ತೇನೆ ಎಂದು ಓಡಿದ. ಬರುವಷ್ಟರಲ್ಲಿ ಹೆಣ್ಣು ಮಗು ನನ್ನ ತೊಡೆಯ ಮೇಲಿತ್ತು. ಹಿಂದೆಯೇ ಪೇದೆ ಬಂದು, ಸಾಹೇಬರು ಕಳಿಸಿದರು ಎಂದು ಒಂದು ಪೊಟ್ಟಣ ಕಲ್ಲುಸಕ್ಕರೆ ಕೊಟ್ಟ. ಆದರೂ ನಮಗೆ ನೆಮ್ಮದಿ ಇರಲಿಲ್ಲ. ಊರೇ ಹೊಳೆಗೆ ಹೋದ ಮೇಲೆ ಕಾಗದ ಯಾರ ಕೈ ಸೇರುತ್ತದೆ? ಉತ್ತರ ಬಾರದಿದ್ದರೆ ಏನು? ಮಗುವಿಗೆ ಸ್ನಾನ ಮಾಡಿಸುವಾಗಲೂ ಅವಳು ಅಂಚೆಯವನ ಸೈಕಲ್ಲಿನ ಸದ್ದು ಕೇಳಿದರೆ ಬೆಚ್ಚುತ್ತಿದ್ದಳು.

ಮಗು ಮಗ್ಗುಲಾಗುವ ಹೊತ್ತಿಗೆ ಉತ್ತರ ಬಂತು. ಠಾಣೆಯಿಂದ ಕರೆ ಬಂದು ನಾವೆಲ್ಲರೂ ಹೋದೆವು. ಸಬ್ ಇನ್ಸ್‌ಪೆಕ್ಟರು ಲಕೋಟೆಯನ್ನು ಮೇಜಿನ ಮೇಲೆ ಇಟ್ಟುಕೊಂಡು ಸಪ್ಪಗೆ ಕೂತಿದ್ದರು. ಉತ್ತರ ಪೂರ್ತಿ ಬೆಂಗಾಲಿ ಅಕ್ಷರದಲ್ಲಿತ್ತು. ತುಮಕೂರಿಗೆ ಕಳಿಸಿ ಕೇಳಿದ್ದರಂತೆ, ಅಲ್ಲೂ ಓದುವವರು ಸಿಗದೆ ಹಿಂದಕ್ಕೆ ಬಂದಿತ್ತಂತೆ.

"ಈ ಊರಾಗ ಇದನ್ನ ಓದಿ ಕನ್ನಡದಾಗ ಹೇಳಾಂವ ಒಬ್ಬನೇ ಹಾನ" ಎಂದು ಅವರು ಕಾಗದವನ್ನು ಅಕ್ಕಸಾಲಿಯ ಕೈಗೆ ಕೊಟ್ಟರು. "ಓದಪಾ. ಇದ್ದದ್ದು ಇದ್ದಂಗ ಓದು."

ಅವನು ಏನು ಓದಿದರೂ ನಾವು ನಂಬಲೇಬೇಕಿತ್ತು. ನಾನು ಮತ್ತೆ ಮೇಜಿನ ಕಾಲನ್ನು ನೋಡಿದೆ.

ಅವನು ಒಂದೊಂದೇ ಸಾಲು ಓದಿ ಕನ್ನಡ ಮಾಡಿ ಹೇಳಿದ. ಈ ಹುಡುಗ ನಮ್ಮವನೇ, ಇವನ ತಂದೆ ನಮ್ಮ ಊರಿನಲ್ಲೇ ಸತ್ತದ್ದು, ಮನೆ ಹೊಳೆಗೆ ಹೋದದ್ದು ನಿಜ, ತಾಯಿ ಈಗ ಹೊಸ ಜಾಗದಲ್ಲಿ ಇದ್ದಾಳೆ. ಅಲ್ಲಿಗೆ ಬಂದು ನಿಲ್ಲಿಸಿದ. ಕಿವಿ ಕೆಂಪಾಗಿದ್ದವು.

"ಮುಂದ?"

"ಮುಂದೆ ಏನಿಲ್ಲ ಕಣ್ಲಾ."

"ಇನ್ನಾ ನಾಕು ಸಾಲು ಅದಾವಲ್ಲೋ. ಓದು."

ಅವನು ಹೆಂಡತಿಯ ಕಡೆ ಒಮ್ಮೆ ನೋಡಿದ. ಆಮೇಲೆ ತಲೆ ತಗ್ಗಿಸಿ ಓದಿದ. ಇವನು ಚಿಕ್ಕವನಿದ್ದಾಗ ನನ್ನ ಕೊಳದ ಮೀನು ಕದ್ದು ಎರಡು ಸಲ ಸಿಕ್ಕಿಬಿದ್ದಿದ್ದಾನೆ. ಹತ್ತನೇ ಕ್ಲಾಸು ಫೇಲಾಗಿ ಯಾರಿಗೂ ಹೇಳದೆ ಊರು ಬಿಟ್ಟಿದ್ದಾನೆ. ಇವನಷ್ಟು ಸೋಮಾರಿಯನ್ನು ನಾನು ನೋಡಿಲ್ಲ. ಬೇರೆ ದೂರು ಏನೂ ಇಲ್ಲ. ಇಂತಿ ಪಂಚಾಯ್ತಿ ಪ್ರಧಾನ.

ಸಬ್ ಇನ್ಸ್‌ಪೆಕ್ಟರು ಕುರ್ಚಿಯ ಹಿಂದಕ್ಕೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಸುಳ್ಳ ಓದಾಂವ ಇದ್ದಿದ್ರ ಇದನ್ನ ಓದ್ತಿದ್ದಿಲ್ಲ" ಎಂದು ವಿಚಾರಣೆ ಮುಗಿಯಿತೆಂದು ಬರೆದರು. ಕಾಗದವನ್ನು ಕನ್ನಡಕ್ಕೆ ಮಾಡಿದವರ ಸಹಿ ಬೇಕಿತ್ತು. ಅದನ್ನೂ ಅವನೇ ಹಾಕಿದ.

ಗಂಡ ಉಳಿದನೆಂದು ಹೆಂಡತಿ ದಾರಿಯುದ್ದಕ್ಕೂ ಮಗುವನ್ನು ಮುದ್ದಿಸುತ್ತಾ ಬಂದಳು. ಮನೆಯ ಹತ್ತಿರ ಬಂದಾಗ ಅವಳ ನಡಿಗೆ ನಿಧಾನವಾಯಿತು. ಫೇಲು ಎಂಬ ಮಾತು ಅವಳಿಗೂ ತಿಳಿಯುತ್ತಿತ್ತು. ಮೆಟ್ರಿಕ್ ಪಾಸಾದ ಹುಡುಗ ಎಂದು ಹೇಳಿ ಮದುವೆ ಮಾಡಿದ್ದರಂತೆ.

ಮಧ್ಯಾಹ್ನವೆಲ್ಲ ಹಿಂದಿನ ಕೋಣೆಯಲ್ಲಿ ಪ್ರಶ್ನೆ ನಡೆದೇ ಇತ್ತು. ಭಾಷೆ ನನಗೆ ಗೊತ್ತಿರಲಿಲ್ಲ, ಆದರೆ ಯಾರು ಕೇಳುತ್ತಿದ್ದಾರೆ, ಯಾರು ತಡವರಿಸುತ್ತಿದ್ದಾರೆ ಎಂದು ತಿಳಿಯಲು ಭಾಷೆ ಬೇಕಿರಲಿಲ್ಲ. ಕೊನೆಗೆ ಅವನು ಮಗುವನ್ನು ಎತ್ತಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು, "ನೀನಾದ್ರೂ ಹೇಳಮ್ಮಿ ಅವಳಿಗೆ" ಎಂದ. ಅವಳೂ ಹಿಂದೆಯೇ ಬಂದು, "ಮಾಸೀ!" ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

ನಾನು ಮಗುವನ್ನು ಈಸಿಕೊಂಡು, ಈ ವಿಚಾರಣೆ ನೀವಿಬ್ಬರೇ ಮುಗಿಸಿಕೊಳ್ಳಿ ಎಂದು ಬಾಗಿಲು ಮುಂದೆ ಮಾಡಿದೆ.